ಅರ್ಧ ಅಂಗುಲದ ಅನಾವರಣ

ವರ್ಷಕ್ಕೆ ಒಂದೆರಡು ಬಾರಿ ಊರಿಗೆ ಬಂದು, ಗುಡಿಯ ಮುಂದಣ ಅರಳಿಯ ನೆರಳಿನಲ್ಲಿ ಕುಳಿ ತೋಡಿ, ತಿದಿಯೊತ್ತಿ ಇದ್ದಲಿನ ಬೆಂಕಿಯನ್ನು ಎಬ್ಬಿಸಿ, ಮನೆಮನೆಯಿಂದ ಬಂದ ತಾಮ್ರ ಹಿತ್ತಾಳೆಯ ಪಾತ್ರೆಗಳ ಒಳಮೈಗೆ ಬೆಳ್ಳಿಯಂಥ ಹೊಳಪನ್ನು ಕೊಟ್ಟುಹೋಗುತ್ತಿದ್ದ ಕಲಾಯಿಗಾರನ ಕೆಲಸವನ್ನು ಬಾಲ್ಯದಲ್ಲಿ ನಿಂತು ನೋಡಿದವರಿಗೆ ಅದರ ಕ್ರಮವು ನೆನಪಿರಬೇಕು. ಮೊದಲು ಪಾತ್ರೆಯನ್ನು ಮರಳು ಹುಣಿಸೆಗಳಿಂದ ತಿಕ್ಕಿ ಕಿಲುಬನ್ನು ತೆಗೆಯುವನು. ಬಳಿಕ ಅದನ್ನು ಕೆಂಡದ ಮೇಲೆ ಕಾಯಿಸಿ, ಒಂದು ಚಿಟಿಕೆ ನವಸಾಗರದ ಪುಡಿಯನ್ನು ಎರಚುವನು. ಬಿಳಿಯ ಹೊಗೆಯು ಘಾಟಾಗಿ ಏಳುತ್ತಿರುವಾಗಲೇ ತವರದ ಕಡ್ಡಿಯನ್ನು ಕಾದ ಲೋಹಕ್ಕೆ ತಗುಲಿಸಿ, ಹತ್ತಿಯ ಉಂಡೆಯಿಂದ ಒಂದೇ ಬೀಸಿನಲ್ಲಿ ಸುತ್ತಲೂ ಸವರಿಬಿಡುವನು. ತಿಕ್ಕುವಾಗ ಎಲ್ಲಿಯಾದರೂ ಬೆರಳಗಲದ ಕಿಲುಬು ಉಳಿದಿದ್ದರೆ, ಅಷ್ಟು ಎಡೆಯಲ್ಲಿ ತವರವು ಹಿಡಿಯದೆ ಕಪ್ಪು ಮಚ್ಚೆಯೊಂದು ಉಳಿಯುತ್ತಿತ್ತು. ರಸಾಯನಶಾಸ್ತ್ರವನ್ನು ಅವನು ಓದಿರಲಿಲ್ಲ. ಆದರೂ ಲೋಹವು ಲೋಹವನ್ನು ಕೂಡಬೇಕಾದರೆ ಅವೆರಡರ ನಡುವೆ ಮತ್ತೇನೂ ಇರಬಾರದೆಂಬ ತತ್ತ್ವವು ಅವನ ಕೈಗೆ ತಿಳಿದಿತ್ತು.

ಈ ಅಧ್ಯಾಯದಲ್ಲಿ ವಿವರಿಸಹೊರಟಿರುವ ಕೆಲಸವೂ ಅದೇ ತತ್ತ್ವವನ್ನು ಅವಲಂಬಿಸಿದೆ. ಪಾತ್ರೆಯ ಬದಲಿಗೆ ಇಲ್ಲಿರುವುದು ಕಡ್ಡಿಗಿಂತಲೂ ಸಣ್ಣನಾದ ತಾಮ್ರದ ತಂತಿ. ಕಿಲುಬಿನ ಬದಲಿಗೆ ಇರುವುದು ಮನುಷ್ಯನು ತಾನೇ ಬೇಕೆಂದು ಬಳಿದ ಮೆರುಗೆಣ್ಣೆಯ ಪೊರೆ. ಎನಾಮೆಲ್ ತಂತಿಯೆಂದೂ ವೈಂಡಿಂಗ್ ತಂತಿಯೆಂದೂ ಹೆಸರು ಪಡೆದ ಈ ವಸ್ತುವು ನಮ್ಮ ಮನೆಯ ಫ್ಯಾನಿನಲ್ಲಿ, ಹೊಲದ ಪಂಪುಸೆಟ್ಟಿನ ಮೋಟಾರಿನಲ್ಲಿ, ಟ್ರಾನ್ಸ್‌ಫಾರ್ಮರಿನಲ್ಲಿ, ಧ್ವನಿವರ್ಧಕದ ಶಂಕುವನ್ನು ಅಲುಗಿಸುವ ಸುರುಳಿಯಲ್ಲಿ ಕಣ್ಣಿಗೆ ಬೀಳದೆ ದುಡಿಯುತ್ತಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿಯೂ, ಮೋಟಾರು ಸುತ್ತಿಕೊಡುವವರಿರುವ ಯಾವುದೇ ತಾಲ್ಲೂಕು ಪಟ್ಟಣದಲ್ಲಿಯೂ ಇದು ತೂಕದ ಲೆಕ್ಕದಲ್ಲಿ ದೊರೆಯುತ್ತದೆ. ಶುದ್ಧವಾದ ತಾಮ್ರ, ತೆಳುವಾದ ಹೊದಿಕೆ, ಅಗ್ಗವಾದ ಬೆಲೆ, ಬೇಕಾದಷ್ಟು ಎಳೆಗಳನ್ನು ಒಟ್ಟುಗೂಡಿಸಿ ಜಡೆಯಾಗಿ ಹೆಣೆಯಬಹುದಾದ ಅನುಕೂಲ—ಇವೆಲ್ಲವೂ ಸೇರಿ, ಸಂಗೀತವನ್ನು ಕೇಳುವ ಸಲಕರಣೆಗಳಿಗೆ ತಮ್ಮ ಕೈಯಿಂದಲೇ ಕೇಬಲ್ ಮಾಡಿಕೊಳ್ಳಬೇಕೆಂಬ ಆಸಕ್ತರನ್ನು ಈ ತಂತಿಯ ಕಡೆಗೆ ಸೆಳೆದಿವೆ.

ನಾನು ಮೊದಲ ಬಾರಿಗೆ ಇಂಥ ಕೇಬಲನ್ನು ಮಾಡಿದಾಗ, ತಂತಿಯ ಹೊಂಬಣ್ಣವನ್ನು ಕಂಡು ಅದು ಬರಿಯ ತಾಮ್ರದ ಬಣ್ಣವೆಂದೇ ಭ್ರಮಿಸಿ, ನೇರವಾಗಿ ಪ್ಲಗ್ಗಿನ ಕಿವಿಗೆ ಇಟ್ಟು ಬೆಸೆದೆನು. ಬೆಸುಗೆಯ ಗುಂಡು ನೋಡುವುದಕ್ಕೆ ಸೊಗಸಾಗಿಯೇ ಇದ್ದಿತು. ಆದರೆ ಧ್ವನಿವರ್ಧಕದಿಂದ ಒಂದು ಸ್ವರವೂ ಹೊರಡಲಿಲ್ಲ. ಕಾರಣವನ್ನು ಹುಡುಕುತ್ತ ತಂತಿಯನ್ನು ಮೆಲ್ಲನೆ ಎಳೆದರೆ, ಒರೆಯಿಂದ ಕತ್ತಿ ಹೊರಬರುವಂತೆ ಅದು ಬೆಸುಗೆಯಿಂದ ಹೊರಕ್ಕೆ ಜಾರಿತು. ಗುಂಡಿನಲ್ಲಿ ತಂತಿಯ ಗಾತ್ರದ ನುಣುಪಾದ ಒಂದು ರಂಧ್ರವು ಉಳಿಯಿತು. ತವರವು ತಂತಿಯನ್ನು ಸುತ್ತುವರಿದಿತ್ತು, ಸ್ಪರ್ಶಿಸಿರಲಿಲ್ಲ. ತಾವರೆಯ ಎಲೆಯ ಮೇಲೆ ನೀರು ಮಣಿಯಾಗಿ ಉರುಳುವಂತೆ, ಕರಗಿದ ತವರವು ಆ ಪೊರೆಯ ಮೇಲೆ ತನ್ನದೇ ಎಳೆತದಿಂದ ದುಂಡಗಾಗಿ ನಿಂತು, ಹಾಗೆಯೇ ಹೆಪ್ಪುಗಟ್ಟಿತ್ತು. ಹಳೆಯ ಇಯರ್‌ಫೋನಿನ ತುಂಡಾದ ತಂತಿಯನ್ನು ಕೂಡಿಸಹೋಗಿ ಸೋತ ಅನೇಕರ ಅನುಭವವೂ ಇದೇ ಆಗಿರುತ್ತದೆ. ಆ ಕೆಂಪು, ಹಸಿರು, ಹೊನ್ನು ಬಣ್ಣದ ನವುರಾದ ಎಳೆಗಳಿಗೆ ಬಣ್ಣವನ್ನು ಕೊಟ್ಟಿರುವುದು ಮೆರುಗೆಣ್ಣೆಯೇ ಹೊರತು ಲೋಹವಲ್ಲ.

ಕವಚದ ಕಥೆ

ಈ ಕವಚವನ್ನು ಶತ್ರುವೆಂದು ಬಗೆಯುವುದಕ್ಕೆ ಮುಂಚೆ ಅದು ಏತಕ್ಕಾಗಿ ಹುಟ್ಟಿತೆಂಬುದನ್ನು ಅರಿಯುವುದು ನ್ಯಾಯ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ 1831ರ ಆಗಸ್ಟ್ 29ರಂದು ಮೈಕಲ್ ಫ್ಯಾರಡೆಯು ಮೆದುಕಬ್ಬಿಣದ ಉಂಗುರವೊಂದರ ಎರಡು ಪಾರ್ಶ್ವಗಳಲ್ಲಿ ತಾಮ್ರದ ತಂತಿಯ ಎರಡು ಸುರುಳಿಗಳನ್ನು ಸುತ್ತಿ, ಒಂದರಲ್ಲಿ ವಿದ್ಯುತ್ತನ್ನು ಹರಿಯಿಸಿದಾಗಲೂ ನಿಲ್ಲಿಸಿದಾಗಲೂ ಮತ್ತೊಂದರಲ್ಲಿ ಕ್ಷಣಮಾತ್ರದ ವಿದ್ಯುತ್ಪ್ರವಾಹವು ತಲೆದೋರುವುದನ್ನು ಕಂಡನು. ಅಂದು ಅಂಗಡಿಯಲ್ಲಿ ಹೊದಿಕೆಯುಳ್ಳ ತಂತಿ ದೊರೆಯುತ್ತಿರಲಿಲ್ಲವಾದುದರಿಂದ, ಸುತ್ತುಗಳು ಒಂದನ್ನೊಂದು ಮುಟ್ಟದಂತೆ ಅವನು ನಡುನಡುವೆ ದಾರವನ್ನು ಸುತ್ತಿ, ಪದರಕ್ಕೂ ಪದರಕ್ಕೂ ಮಧ್ಯೆ ಹತ್ತಿಯ ಬಟ್ಟೆಯನ್ನು ಹಾಸಬೇಕಾಯಿತು. ನಮ್ಮ ನೆರೆಯ ಕಲ್ಲಿಕೋಟೆಯ ಹೆಸರನ್ನೇ ಹೊತ್ತು ಕ್ಯಾಲಿಕೋ ಎಂದು ಯೂರೋಪಿನಲ್ಲಿ ಪ್ರಸಿದ್ಧವಾಗಿದ್ದ ಬಟ್ಟೆ ಅದು. ಮುಂದೆ ಹತ್ತಿಯ ನೂಲನ್ನೋ ರೇಷ್ಮೆಯನ್ನೋ ತಂತಿಗೆ ಸುತ್ತಿ ಮಾರುವ ಪದ್ಧತಿ ಬಂದಿತು. ಆದರೆ ನೂಲಿನ ಹೊದಿಕೆಯು ತಂತಿಗಿಂತ ಹೆಚ್ಚು ಸ್ಥಳವನ್ನು ಆಕ್ರಮಿಸುತ್ತಿದ್ದಿತು, ತೇವವನ್ನು ಹೀರುತ್ತಿದ್ದಿತು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎಣ್ಣೆ ಮತ್ತು ರಾಳಗಳ ಮೆರುಗನ್ನು ತಂತಿಯ ಮೇಲೆ ಬಳಿದು ಒಲೆಯಲ್ಲಿ ಹದವಾಗಿ ಬೇಯಿಸುವ ಕ್ರಮವು ರೂಢಿಗೆ ಬಂದಿತು. ಎನಾಮೆಲ್ ಎಂಬ ಹೆಸರು ಅಂದಿನಿಂದ ಉಳಿದುಕೊಂಡಿದೆಯಾದರೂ, ಗಾಜನ್ನು ಕರಗಿಸಿ ಮಾಡುವ ನಿಜವಾದ ಎನಾಮೆಲಿಗೂ ಇದಕ್ಕೂ ಸಂಬಂಧವಿಲ್ಲ. ಜರ್ಮನಿಯಲ್ಲಿ ಆಟೊ ಬೇಯರ್ ಮತ್ತು ಅವನ ಸಹೋದ್ಯೋಗಿಗಳು 1937ರಲ್ಲಿ ಕಂಡುಹಿಡಿದ ಪಾಲಿಯುರಿಥೇನ್ ಎಂಬ ವಸ್ತುವರ್ಗವು ಕಾಲಕ್ರಮದಲ್ಲಿ ತಂತಿಯ ಹೊದಿಕೆಯಾಗಿಯೂ ಬಳಕೆಗೆ ಬಂದು, ಬೆಸೆಯುವವರಿಗೆ ದೊಡ್ಡ ಉಪಕಾರವನ್ನೇ ಮಾಡಿತು. ಏಕೆಂದರೆ ಬೆಸುಗೆಯ ಶಾಖಕ್ಕೆ ಅದು ತಾನಾಗಿಯೇ ವಿಘಟನೆಗೊಂಡು ತಾಮ್ರವನ್ನು ಬಿಟ್ಟುಕೊಡುತ್ತದೆ. ಇದಕ್ಕೆ ವಿರುದ್ಧವಾಗಿ, ಬಿಸಿಯಾಗಿ ದುಡಿಯುವ ಮೋಟಾರುಗಳಿಗೆಂದು ರೂಪುಗೊಂಡ ಪಾಲಿಯೆಸ್ಟರ್-ಇಮೈಡ್ ಮತ್ತು ಪಾಲಿಅಮೈಡ್-ಇಮೈಡ್ ಹೊದಿಕೆಗಳು 200 ಡಿಗ್ರಿ ಸೆಲ್ಸಿಯಸ್ಸಿನ ಸುತ್ತಮುತ್ತಲ ಶಾಖವನ್ನು ವರ್ಷಗಟ್ಟಲೆ ಸಹಿಸಲು ಸಮರ್ಥವಾದವು. ಇಂಥವು ಬೆಸುಗೆಯ ಕಬ್ಬಿಣಕ್ಕೆ ಸುಲಭವಾಗಿ ಮಣಿಯುವುದಿಲ್ಲ. ಮೋಟಾರು ಸುತ್ತುವವರಲ್ಲಿ ದೊರೆಯುವ ದಪ್ಪ ತಂತಿಯು ಬಹುವಾಗಿ ಈ ಎರಡನೆಯ ಜಾತಿಗೆ ಸೇರಿದುದಾಗಿರುವುದರಿಂದ, ಕೊಳ್ಳುವವನು ಮೊದಲೇ ಎಚ್ಚರದಿಂದಿರತಕ್ಕದ್ದು.

ಯಾವ ಜಾತಿಯದೆಂದು ಬಣ್ಣದಿಂದ ನಿರ್ಣಯಿಸಲಾಗದು. ಒಂದೇ ಬಣ್ಣದಲ್ಲಿ ಎರಡೂ ಬರುತ್ತವೆ. ಪರೀಕ್ಷೆಯೊಂದೇ ದಾರಿ. ಬೆಸುಗೆಯ ಕಬ್ಬಿಣದ ಮೊನೆಯನ್ನು 380 ರಿಂದ 400 ಡಿಗ್ರಿಯವರೆಗೆ ಕಾಯಿಸಿ, ಅದರ ಮೇಲೆ ತವರದ ಒಂದು ತುಂಬು ಹನಿಯನ್ನು ನಿಲ್ಲಿಸಿ, ತಂತಿಯ ತುದಿಯನ್ನು ಆ ಹನಿಯೊಳಗೆ ಮುಳುಗಿಸಿ ಹಿಡಿಯಬೇಕು. ಎರಡು ಮೂರು ಸೆಕೆಂಡುಗಳಲ್ಲಿ ಹೊಗೆಯೆದ್ದು, ತಂತಿಯು ಬೆಳ್ಳಗಾಗಿ ಹೊರಬಂದರೆ ಅದು ಪಾಲಿಯುರಿಥೇನ್. ಕಪ್ಪಾಗಿ ಮಾತ್ರ ಬಂದರೆ ಅದು ಶಾಖಕ್ಕೆ ಜಗ್ಗದ ಜಾತಿ, ಕೈಯಿಂದ ಕೆರೆದೇ ತೆಗೆಯಬೇಕಾದುದು.

ತಂತಿಯ ಆಯ್ಕೆ

ದಪ್ಪವನ್ನು ಹೇಳುವುದಕ್ಕೆ ನಮ್ಮ ಅಂಗಡಿಗಳಲ್ಲಿ ಇಂದಿಗೂ ಬಳಕೆಯಲ್ಲಿರುವುದು ಎಸ್.ಡಬ್ಲ್ಯು.ಜಿ. ಎಂಬ ಬ್ರಿಟಿಷ್ ಗೇಜಿನ ಕ್ರಮ. 1884ರಲ್ಲಿ ಬ್ರಿಟನ್ನಿನಲ್ಲಿ ಶಾಸನಬದ್ಧವಾದ ಆ ಅಳತೆಯು, ನಾವು ಮೆಟ್ರಿಕ್ ಪದ್ಧತಿಯನ್ನು ಸ್ವೀಕರಿಸಿ ಇಷ್ಟು ಕಾಲವಾದರೂ ಅಂಗಡಿಯವರ ನಾಲಗೆಯಿಂದ ಅಳಿದಿಲ್ಲ. ಸಂಖ್ಯೆ ಏರಿದಷ್ಟೂ ತಂತಿಯು ಸಣ್ಣದಾಗುತ್ತದೆ. 24ನೆಯ ಗೇಜಿನ ವ್ಯಾಸ ಸುಮಾರು 0.56 ಮಿಲಿಮೀಟರು, 30ನೆಯದು 0.315, 40ನೆಯದು 0.12. ತಾಮ್ರದ ಗುಣದಿಂದ ಗಣಿಸಿದರೆ 24ನೆಯ ಗೇಜಿನ ಒಂದು ಮೀಟರು ತಂತಿಯ ರೋಧವು 0.07 ಓಮಿನಷ್ಟಾಗುತ್ತದೆ. ಧ್ವನಿವರ್ಧಕಕ್ಕೆ ಮೂರು ಮೀಟರಿನ ಕೇಬಲ್ ಬೇಕೆಂದಿಟ್ಟುಕೊಳ್ಳಿ. ವಿದ್ಯುತ್ತು ಹೋಗಿ ಹಿಂದಿರುಗಬೇಕಾದುದರಿಂದ ದಾರಿಯು ಆರು ಮೀಟರು, ರೋಧವು 0.42 ಓಮು. 8 ಓಮಿನ ಧ್ವನಿವರ್ಧಕಕ್ಕೆ ಕೇಬಲಿನ ರೋಧವು ಅದರ ಇಪ್ಪತ್ತನೆಯ ಒಂದು ಪಾಲನ್ನು, ಎಂದರೆ 0.4 ಓಮನ್ನು, ಮೀರದಿರುವುದು ಲೇಸೆಂಬುದು ರೂಢಿಯ ನಿಯಮ. ಒಂಟಿ ಎಳೆಯು ಈ ಗೆರೆಯನ್ನು ತುಸುವೇ ದಾಟುತ್ತದೆ. ಹೋಗುವುದಕ್ಕೆ ನಾಲ್ಕು, ಬರುವುದಕ್ಕೆ ನಾಲ್ಕು ಎಳೆಗಳನ್ನು ಕೂಡಿಸಿದರೆ ರೋಧವು ಸುಮಾರು 0.1 ಓಮಿಗೆ ಇಳಿದು ಚಿಂತೆಗೆ ಎಡೆಯೇ ಉಳಿಯುವುದಿಲ್ಲ. ಇದು ಅಗ್ಗದ ತಾಮ್ರದಿಂದಲೇ ದೊರೆಯುವ ಫಲ.

ಪ್ರತ್ಯೇಕವಾಗಿ ಹೊದಿಸಿದ ಎಳೆಗಳಿಂದ ನಾದವು ಹೆಚ್ಚು ನಿರ್ಮಲವಾಗುತ್ತದೆಂಬ ಮಾತನ್ನು ಕೆಲವರು ಆಗ್ರಹದಿಂದ ಹೇಳುತ್ತಾರಾದುದರಿಂದ ಅದನ್ನೂ ಇಲ್ಲಿಯೇ ತೂಗಿನೋಡಬೇಕು. ದಿಕ್ಕು ಬದಲಿಸುವ ವಿದ್ಯುತ್ತು ಕಂಪನವು ಏರಿದಂತೆಲ್ಲ ವಾಹಕದ ಒಡಲನ್ನು ಬಿಟ್ಟು ಹೊರಮೈಗೆ ಸರಿಯುವುದು ಸತ್ಯ. 1883ರಲ್ಲಿ ಹೊರೇಸ್ ಲ್ಯಾಂಬನೂ ಎರಡು ವರ್ಷಗಳ ಬಳಿಕ ಆಲಿವರ್ ಹೆವಿಸೈಡನೂ ಇದರ ಗಣಿತವನ್ನು ಕೊಟ್ಟರು. ರೇಡಿಯೋ ಕಂಪನಗಳಲ್ಲಿ ಈ ಪರಿಣಾಮವು ಉಗ್ರವಾಗಿರುವುದರಿಂದಲೇ, ಹೊದಿಸಿದ ನವುರು ಎಳೆಗಳನ್ನು ಹುರಿಗೊಳಿಸಿದ ಲಿಟ್ಸ್ ತಂತಿಯು ಬಳಕೆಗೆ ಬಂದಿತು. ಆದರೆ ಮನುಷ್ಯನ ಕಿವಿಯ ಮೇಲುಗಡಿಯಾದ 20,000 ಹರ್ಟ್ಸಿನಲ್ಲಿಯೂ ತಾಮ್ರದೊಳಕ್ಕೆ ವಿದ್ಯುತ್ತು ಸೇರುವ ಆಳವು ಸುಮಾರು 0.47 ಮಿಲಿಮೀಟರು, 24ನೆಯ ಗೇಜಿನ ತಂತಿಯ ಕೇಂದ್ರವು ಹೊರಮೈಯಿಂದ 0.28 ಮಿಲಿಮೀಟರಿನಷ್ಟೇ ದೂರದಲ್ಲಿರುವುದರಿಂದ, ಶ್ರವಣದ ವ್ಯಾಪ್ತಿಯಲ್ಲಿ ಅದರ ಒಡಲೆಲ್ಲವೂ ಕೆಲಸಕ್ಕೆ ಒದಗುತ್ತದೆ. ಇಯರ್‌ಫೋನಿನಲ್ಲಿ ಮೆರುಗಿನ ಎಳೆಗಳಿರುವುದು ತಂತಿಯು ಬಳ್ಳಿಯಂತೆ ಬಾಗಲೆಂದೂ, ಎಡಗಿವಿಯ, ಬಲಗಿವಿಯ ಮತ್ತು ಹಿಂದಿರುಗುವ ಎಳೆಗಳು ಒಂದೇ ಸಣ್ಣ ಕೊಳವೆಯಲ್ಲಿ ಪರಸ್ಪರ ಮುಟ್ಟದಿರಲೆಂದೂ.

ಕವಚವನ್ನು ಕಳೆಯುವ ವಿಧಾನಗಳು

ಪಾಲಿಯುರಿಥೇನಿನ ತಂತಿಗೆ ಶಾಖವೇ ಅತ್ಯುತ್ತಮವಾದ ಉಪಾಯ. ಮೇಲೆ ಹೇಳಿದ ಹನಿಯ ಪರೀಕ್ಷೆಯನ್ನೇ ವಿಸ್ತರಿಸಿ, ತಂತಿಯ ಕೊನೆಯಿಂದ ಆರಂಭಿಸಿ ಒಳಮುಖವಾಗಿ ಹನಿಯನ್ನು ನಿಧಾನವಾಗಿ ಸರಿಸುತ್ತ ಹೋದರೆ ಅರ್ಧ ಅಂಗುಲದಷ್ಟು ಉದ್ದಕ್ಕೆ ತಾಮ್ರವು ತವರದ ಬಣ್ಣವನ್ನು ತಾಳುತ್ತದೆ. ತಂತಿಯ ಕತ್ತರಿಸಿದ ಕೊನೆಯಲ್ಲಿ ಮೊದಲೇ ಬರಿಯ ತಾಮ್ರವಿರುವುದರಿಂದ ತವರವು ಅಲ್ಲಿ ಹಿಡಿದು, ಶಾಖವನ್ನು ಪೊರೆಯ ಅಡಿಗೆ ದಾಟಿಸುತ್ತದೆ; ನಡುವಿನಿಂದ ಆರಂಭಿಸಿದವರಿಗೆ ಈ ಪ್ರವೇಶದ್ವಾರವು ಇಲ್ಲದೆ ಕೆಲಸವು ತಡವಾಗುತ್ತದೆ. ಸುಟ್ಟ ಪೊರೆಯ ಕಸರು ಹನಿಯಲ್ಲಿ ಸೇರುತ್ತದೆಯಾದುದರಿಂದ ಆ ತವರವನ್ನು ಒರೆಸಿ ಬಿಟ್ಟು, ಹೊಸ ತವರದಿಂದ ಮತ್ತೊಮ್ಮೆ ಸವರಿ, ಕೊನೆಯ ಒಂದೆರಡು ಮಿಲಿಮೀಟರನ್ನು ಕತ್ತರಿಸಿ ಎಸೆಯುವುದು ಶ್ರೇಯಸ್ಕರ.

ಶಾಖಕ್ಕೆ ಜಗ್ಗದ ಹೊದಿಕೆಗೆ ಕೆರೆಯುವಿಕೆಯೇ ಗತಿ. ಚಾಕುವಿನ ಅಲಗನ್ನು ತಂತಿಗೆ ಅಡ್ಡವಾಗಿ ನಿಲ್ಲಿಸಿ, ಕೊಯ್ಯುವಂತೆ ಒತ್ತದೆ ಸವರುವಂತೆ ಎಳೆಯುತ್ತ, ಪ್ರತಿಯೊಂದು ಎಳೆತಕ್ಕೂ ತಂತಿಯನ್ನು ತುಸು ತಿರುಗಿಸುತ್ತ ಹೋಗಬೇಕು. ಅಲಗು ತಾಮ್ರಕ್ಕೆ ಗಾಯ ಮಾಡಿದರೆ ಆ ಗಾಯದಲ್ಲಿಯೇ ತಂತಿಯು ಮುಂದೆ ಮುರಿಯುವುದು ನಿಶ್ಚಯ. ಅದಕ್ಕಿಂತ ಮೃದುವಾದುದು 400 ಅಥವಾ 600ನೆಯ ದರ್ಜೆಯ ಮರಳು ಕಾಗದ: ಕಾಗದವನ್ನು ಮಡಿಸಿ, ತಂತಿಯನ್ನು ಆ ಮಡಿಕೆಯಲ್ಲಿರಿಸಿ, ಎರಡು ಬೆರಳುಗಳಿಂದ ಹಗುರವಾಗಿ ಅಮುಕಿ ಎಳೆದರೆ ಎರಡು ಪಾರ್ಶ್ವಗಳೂ ಒಮ್ಮೆಗೇ ಬಯಲಾಗುತ್ತವೆ. ಕೆರೆದ ತಾಮ್ರದ ಬಣ್ಣವು ಹೊದಿಕೆಯ ಬಣ್ಣಕ್ಕಿಂತ ನಸುಗೆಂಪಾಗಿಯೂ ಕಾಂತಿಯುಕ್ತವಾಗಿಯೂ ಇರುವುದನ್ನು ಒಮ್ಮೆ ಕಣ್ಣು ಕಲಿತುಕೊಂಡರೆ, ಅಳಿದುದೆಷ್ಟು ಉಳಿದುದೆಷ್ಟು ಎಂಬುದು ಮರೆಯಾಗಲಾರದು. ಕೆರೆದ ಮೇಲೆ ಬೆವರಿನ ಬೆರಳನ್ನು ತಗುಲಿಸದೆ, ತಡಮಾಡದೆ ತವರವನ್ನು ಸವರಿಬಿಡಬೇಕು.

ಹಿಂದಿನ ರೇಡಿಯೋ ಹವ್ಯಾಸಿಗಳು ಲಿಟ್ಸ್ ತಂತಿಯ ಹತ್ತಾರು ನವುರು ಎಳೆಗಳನ್ನು ಒಂದೊಂದಾಗಿ ಕೆರೆಯಲಾರದೆ ಅನುಸರಿಸುತ್ತಿದ್ದ ಉಪಾಯವೊಂದು ರಸಾಯನದ ದೃಷ್ಟಿಯಿಂದ ಬಹು ಸುಂದರವಾದುದು. ತಂತಿಯ ತುದಿಯನ್ನು ಜ್ವಾಲೆಯಲ್ಲಿ ಕೆಂಪಗೆ ಕಾಯಿಸಿದಾಗ ಮೆರುಗು ಸುಟ್ಟುಹೋಗುತ್ತದೆ, ಆದರೆ ತಾಮ್ರವು ಗಾಳಿಯ ಆಮ್ಲಜನಕವನ್ನು ಹಿಡಿದು ಕಪ್ಪಾಗುತ್ತದೆ. ಆ ಕೆಂಪಿನಲ್ಲಿಯೇ ಅದನ್ನು ಸ್ಪಿರಿಟ್ಟಿನಲ್ಲಿ ಅದ್ದಿದರೆ, ಮದ್ಯಸಾರದ ಆವಿಯು ತಾಮ್ರದಿಂದ ಆ ಆಮ್ಲಜನಕವನ್ನು ಕಸಿದುಕೊಂಡು ತಾನು ಆಲ್ಡಿಹೈಡಾಗಿ ಮಾರ್ಪಡುತ್ತದೆ. ತಂತಿಯು ನಸುಗೆಂಪಿನ ಶುದ್ಧ ತಾಮ್ರವಾಗಿ ಹೊರಬರುತ್ತದೆ. ತತ್ತ್ವವು ಸುಂದರವಾದರೂ, ಕೆಂಪಗೆ ಕಾದ ಲೋಹವನ್ನು ಉರಿಯುವ ದ್ರವದ ಬಳಿಗೆ ಒಯ್ಯುವ ಈ ಕ್ರಮವನ್ನು ಮನೆಯ ಮೇಜಿನ ಮೇಲೆ ಆಚರಿಸಬಾರದು. ಆಸ್ಪಿರಿನ್ ಮಾತ್ರೆಯನ್ನು ಬೆಸುಗೆಯ ಕಬ್ಬಿಣದಿಂದ ಕರಗಿಸಿ ಅದರಲ್ಲಿ ತಂತಿಯನ್ನು ಅದ್ದುವುದೂ ಉಂಟು. ಅದರ ಆಮ್ಲವು ಪೊರೆಯನ್ನು ತಿನ್ನುತ್ತದೆ, ಜೊತೆಗೆ ಉಸಿರುಗಟ್ಟಿಸುವ ಹೊಗೆಯನ್ನೂ ತಾಮ್ರವನ್ನು ಕಾಲಾಂತರದಲ್ಲಿ ಕೊರೆಯುವ ಶೇಷವನ್ನೂ ಬಿಡುತ್ತದೆ. ಡೈಕ್ಲೋರೋಮೀಥೇನಿನಂಥ ದ್ರಾವಕಗಳು ಮನೆಯೊಳಕ್ಕೆ ಬರುವುದೇ ಬೇಡ.

ಬೆಸುಗೆಯೆಂದರೇನು

ಬೆಸುಗೆಯನ್ನು ಅಂಟಿನಂತೆ ಭಾವಿಸುವುದರಿಂದಲೇ ಅರ್ಧ ತಪ್ಪುಗಳು ಹುಟ್ಟುತ್ತವೆ. ಕರಗಿದ ತವರವು ಬರಿಯ ತಾಮ್ರವನ್ನು ಮುಟ್ಟಿದ ಕೂಡಲೆ ಅದರ ಹೊರಪದರವನ್ನು ತನ್ನಲ್ಲಿ ಕರಗಿಸಿಕೊಳ್ಳತೊಡಗುತ್ತದೆ. ಇವೆರಡೂ ಸೇರುವ ಗಡಿಯಲ್ಲಿ ಆರು ತಾಮ್ರದ ಪರಮಾಣುಗಳಿಗೆ ಐದು ತವರದ ಪರಮಾಣುಗಳಂತೆ ಕೂಡಿದ ಹೊಸದೊಂದು ಸಂಯುಕ್ತವು ಮೈದಾಳುತ್ತದೆ. ಮೈಕ್ರೋಮೀಟರುಗಳಲ್ಲಿ ಅಳೆಯಬೇಕಾದಷ್ಟು ತೆಳುವಾದ ಆ ಪದರವೇ ಬೆಸುಗೆಯ ಜೀವ. ಅದು ಹುಟ್ಟದಿದ್ದರೆ ಜೋಡಣೆಯೇ ಇಲ್ಲ. ಕಬ್ಬಿಣವನ್ನು ಬಹುಕಾಲ ಅಲ್ಲಿಯೇ ಒತ್ತಿಹಿಡಿದು ಅದನ್ನು ದಪ್ಪವಾಗಿ ಬೆಳೆಯಗೊಟ್ಟರೆ, ಸಂಯುಕ್ತವು ಸ್ವಭಾವತಃ ಪೆಡಸಾದುದರಿಂದ ಜೋಡಣೆಯು ಬಿರುಸಾಗುತ್ತದೆ. 40ನೆಯ ಗೇಜಿನಂಥ ನವುರಾದ ತಂತಿಯಾದರೋ ಬಿಸಿ ತವರದಲ್ಲಿ ಹೆಚ್ಚುಹೊತ್ತು ಉಳಿದರೆ ಸಂಪೂರ್ಣವಾಗಿ ಕರಗಿ ಮಾಯವಾಗುವುದೂ ಉಂಟು.

ತವರವು ಒಂಟಿಯಾಗಿ 232 ಡಿಗ್ರಿಯಲ್ಲಿಯೂ ಸೀಸವು 327 ಡಿಗ್ರಿಯಲ್ಲಿಯೂ ಕರಗುತ್ತವೆ. ಆದರೆ 63 ಪಾಲು ತವರಕ್ಕೆ 37 ಪಾಲು ಸೀಸವನ್ನು ಬೆರೆಸಿದ ಮಿಶ್ರಲೋಹವು ಎರಡಕ್ಕಿಂತಲೂ ಕೆಳಗೆ, 183 ಡಿಗ್ರಿಯಲ್ಲಿಯೇ ಕರಗಿ, ಆರುವಾಗ ಅಂಬಲಿಯಂಥ ನಡುವಣ ಸ್ಥಿತಿಯನ್ನು ಹಾಯದೆ ಒಮ್ಮೆಗೇ ಗಟ್ಟಿಯಾಗುತ್ತದೆ. ತಂತಿಯು ಅಲುಗಿ ಜೋಡಣೆಯು ಬಿರುಕುಬಿಡುವ ಸಂಭವವು ಇದರಲ್ಲಿ ಕಡಮೆ. ಸೀಸವಿಲ್ಲದ ಇಂದಿನ ಮಿಶ್ರಲೋಹಗಳಲ್ಲಿ ಪ್ರಚುರವಾದುದು 217 ಡಿಗ್ರಿಯಲ್ಲಿ ಕರಗತೊಡಗುತ್ತದೆ. ಅದು ಆರಿದ ಮೇಲೆ ಸ್ವಲ್ಪ ಮಂಕಾಗಿ ಕಾಣುವುದರಿಂದ, ಹೊಳಪಿಲ್ಲವೆಂಬ ಒಂದೇ ಕಾರಣಕ್ಕೆ ಅದನ್ನು ಕೆಟ್ಟ ಬೆಸುಗೆಯೆಂದು ಎಣಿಸಬಾರದು.

ಕಲಾಯಿಗಾರನ ನವಸಾಗರದ ಸ್ಥಾನದಲ್ಲಿ ಇಲ್ಲಿ ರಾಳವಿದೆ. ನವಸಾಗರವು ಶಾಖದಲ್ಲಿ ಒಡೆದು ಹೊರಸೂಸುವ ಹೈಡ್ರೊಕ್ಲೋರಿಕ್ ಆಮ್ಲವು ಪಾತ್ರೆಯ ಮೇಲಿನ ಆಕ್ಸೈಡನ್ನು ಕಳೆದು ತವರಕ್ಕೆ ದಾರಿಮಾಡಿಕೊಡುತ್ತಿತ್ತು. ಆದರೆ ಆ ಉಗ್ರವಾದ ಆಮ್ಲದ ಶೇಷವು ಸಣ್ಣ ತಂತಿಗೆ ವಿಷಪ್ರಾಯ. ಆದುದರಿಂದ ವಿದ್ಯುತ್ತಿನ ಕೆಲಸಕ್ಕೆ ಪೈನ್ ಮರದ ಅಂಟಿನಿಂದ ಟರ್ಪೆಂಟೈನನ್ನು ಬಟ್ಟಿಯಿಳಿಸಿದ ಬಳಿಕ ಉಳಿಯುವ ರಾಳವನ್ನು ಬಳಸುತ್ತಾರೆ. ಪಿಟೀಲಿನ ಕಮಾನಿಗೆ ಉಜ್ಜುವ ರಾಳವೂ ಇದೇ. ಇದರಲ್ಲಿರುವ ಅಬಿಯೆಟಿಕ್ ಆಮ್ಲವು ಬಿಸಿಯಾದಾಗ ಮಾತ್ರ ಚುರುಕಾಗಿ ಆಕ್ಸೈಡನ್ನು ಕರಗಿಸಿಕೊಂಡು, ಆರಿದೊಡನೆ ನಿರಪಾಯವಾದ ಗಾಜಿನಂತೆ ಗಟ್ಟಿಯಾಗಿ ಕುಳಿತುಬಿಡುತ್ತದೆ. ಆದರೆ ಒಂದು ಮಾತನ್ನು ಇಲ್ಲಿ ಒತ್ತಿಹೇಳಬೇಕು: ರಾಳವು ತಿನ್ನುವುದು ಆಕ್ಸೈಡನ್ನು, ಮೆರುಗನ್ನಲ್ಲ. ಎಷ್ಟೇ ರಾಳವನ್ನು ಸುರಿದರೂ ಪಾಲಿಯೆಸ್ಟರಿನ ಪೊರೆಯು ಕದಲದು. ಪೊರೆಯನ್ನು ಕಳೆಯುವುದೊಂದು ಕೆಲಸ, ಆಕ್ಸೈಡನ್ನು ಕಳೆಯುವುದು ಮತ್ತೊಂದು. ಮೊದಲನೆಯದನ್ನು ಎರಡನೆಯದರ ಮೇಲೆ ಹೊರಿಸಿದುದೇ ನನ್ನ ಮೊದಲ ಕೇಬಲಿನ ಮೌನಕ್ಕೆ ಕಾರಣ.

ಕೇಬಲಿನ ನಿರ್ಮಾಣ

ಇನ್ನು ಕೆಲಸದ ಕ್ರಮಕ್ಕೆ ಬರೋಣ. ಎಳೆಗಳನ್ನು ಬೇಕಾದ ಉದ್ದಕ್ಕಿಂತ ತುಸು ಹೆಚ್ಚಾಗಿ ಕತ್ತರಿಸಿ, ಹೋಗುವ ಗುಂಪು ಒಂದು ಬಣ್ಣದಲ್ಲಿಯೂ ಬರುವ ಗುಂಪು ಮತ್ತೊಂದರಲ್ಲಿಯೂ ಇರುವಂತೆ ಆರಿಸಿ, ಅವನ್ನು ಒಂದರ ಸುತ್ತ ಒಂದನ್ನು ಸಮನಾಗಿ ಹುರಿಗೊಳಿಸಬೇಕು. ಹುರಿಯು ಅಲಂಕಾರಕ್ಕಾಗಿ ಅಲ್ಲ. ಗೋಡೆಯೊಳಗಿನ ವಿದ್ಯುತ್ತಿನ ತಂತಿಗಳಿಂದ ಹೊಮ್ಮುವ 50 ಹರ್ಟ್ಸಿನ ಕಾಂತಪ್ರಭಾವವು ಒಂದು ಸುತ್ತಿನಲ್ಲಿ ಹುಟ್ಟಿಸಿದ ಗುಂಯ್‌ಕಾರವನ್ನು ಮರುಸುತ್ತಿನಲ್ಲಿ ತಾನೇ ರದ್ದುಗೊಳಿಸುತ್ತದೆ. ಅಲೆಕ್ಸಾಂಡರ್ ಗ್ರಹಾಂ ಬೆಲ್ಲನು ದೂರವಾಣಿಗಾಗಿ 1881ರಲ್ಲಿ ಪೇಟೆಂಟ್ ಪಡೆದ ಉಪಾಯವಿದು. ತೆಳುವಾದ ಹೊದಿಕೆಯಿಂದ ಎಳೆಗಳು ತೀರ ಸಮೀಪದಲ್ಲಿರುವುದರಿಂದ ಅವುಗಳ ನಡುವಣ ಧಾರಕತ್ವವು ಏರುತ್ತದೆಂಬುದು ನಿಜ. ಒಂದು ಮೀಟರಿಗೆ 150 ಪಿಕೋಫ್ಯಾರಡಿನಷ್ಟಿದೆಯೆಂದು ಇಟ್ಟುಕೊಂಡರೂ, 1,000 ಓಮಿನ ಮೂಲದಿಂದ ಬರುವ ಸಂಕೇತಕ್ಕೆ ಅದು ಅಡ್ಡಿಯಾಗುವುದು ಹತ್ತು ಲಕ್ಷ ಹರ್ಟ್ಸಿನ ಮೇಲೆ, ಶ್ರವಣದ ಗಡಿಯಿಂದ ಐವತ್ತು ಪಟ್ಟು ದೂರದಲ್ಲಿ. ಆದರೆ ಧ್ವನಿವರ್ಧಕಕ್ಕಾಗಿ ಹತ್ತಾರು ಎಳೆಗಳನ್ನು ಬಿಗಿಯಾಗಿ ಜಡೆಹೆಣೆದಾಗ ಈ ಧಾರಕತ್ವವು ಬೆಳೆದು ಕೆಲವು ಆಂಪ್ಲಿಫೈಯರುಗಳನ್ನು ಅಸ್ಥಿರಗೊಳಿಸಬಲ್ಲುದು. ಆದುದರಿಂದ ಅತಿಯಾದ ಹೆಣಿಗೆಯು ಬೇಡ.

ಹುರಿಗೊಂಡ ಎಳೆಗಳನ್ನು ಹತ್ತಿಯ ಅಥವಾ ಪ್ಲಾಸ್ಟಿಕ್ಕಿನ ಕೊಳವೆಯಲ್ಲಿ ತೂರಿಸಿ ರಕ್ಷಿಸತಕ್ಕದ್ದು. ಎನಾಮೆಲಿನ ಪೊರೆಯು ಸುರುಳಿಯೊಳಗೆ ಅಲುಗದೆ ಕುಳಿತಿರಲು ಮಾಡಿದುದು, ನೆಲದ ಮೇಲೆ ಎಳೆದಾಡಿಸಿಕೊಳ್ಳುವುದಕ್ಕೆ ತಕ್ಕುದಲ್ಲ. ಇದೇ ಕಾರಣದಿಂದ ಮನೆಯ 230 ವೋಲ್ಟಿನ ವಿದ್ಯುತ್ತಿಗೆ ಈ ತಂತಿಯ ಕೇಬಲನ್ನು ಎಂದಿಗೂ ಉಪಯೋಗಿಸಬಾರದು. ಬೆಸೆಯುವ ಮುನ್ನ ಪ್ಲಗ್ಗಿನ ಮುಚ್ಚಳವನ್ನೂ ಕುಗ್ಗುವ ಕೊಳವೆಯ ತುಂಡುಗಳನ್ನೂ ತಂತಿಗೆ ಏರಿಸಿಟ್ಟುಕೊಳ್ಳಬೇಕು. ಇದನ್ನು ಮರೆತವನು ಬೆಸೆದ ಕೆಲಸವನ್ನೆಲ್ಲ ಮತ್ತೆ ಬಿಚ್ಚಬೇಕಾಗುತ್ತದೆ. ಹೆಡ್‌ಫೋನಿನ ಮೂರು ಭಾಗದ ಪ್ಲಗ್ಗಿನಲ್ಲಿ ತುದಿಯು ಎಡಗಿವಿಗೆ, ನಡುವಣ ಉಂಗುರವು ಬಲಗಿವಿಗೆ, ಬುಡದ ತೋಳು ಎರಡರ ಹಿಂದಿರುಗುವ ದಾರಿಗೆ ಮೀಸಲು. ಈ ಭಾಗಗಳನ್ನು ಬೇರ್ಪಡಿಸುವ ಪ್ಲಾಸ್ಟಿಕ್ ಬಳೆಗಳು ಶಾಖಕ್ಕೆ ಮೆತ್ತಗಾಗಿ ಓರೆಯಾಗುವ ಭಯವಿರುವುದರಿಂದ, ಪ್ಲಗ್ಗನ್ನು ಅದಕ್ಕೆ ಹೊಂದುವ ಹಳೆಯ ಸಾಕೆಟ್ಟೊಂದರಲ್ಲಿ ಸಿಕ್ಕಿಸಿ ಬೆಸೆದರೆ, ಸಾಕೆಟ್ಟು ಭಾಗಗಳನ್ನು ನೆಟ್ಟಗೆ ಹಿಡಿದಿಡುವುದಲ್ಲದೆ ಹೆಚ್ಚಿನ ಶಾಖವನ್ನು ಹೀರಿಕೊಳ್ಳುತ್ತದೆ.

ತವರ ಸವರಿದ ಎಳೆಗಳ ತುದಿಗಳನ್ನು ಒಟ್ಟಾಗಿ ತಿರುಚಿ, ಪ್ಲಗ್ಗಿನ ಕಿವಿಯಲ್ಲಿ ತೂರಿಸಿ ಬಾಗಿಸಿ, ಬೆಸುಗೆಯಿಲ್ಲದೆಯೇ ನಿಲ್ಲುವಂತೆ ಮಾಡಿಕೊಳ್ಳಬೇಕು. ಬೆಸುಗೆಯ ಮಿಶ್ರಲೋಹದ ವಾಹಕತೆಯು ತಾಮ್ರದ ಒಂಬತ್ತನೆಯ ಒಂದು ಪಾಲಿನಷ್ಟೇ ಆದುದರಿಂದ, ಲೋಹಗಳು ತಾವೇ ಒತ್ತಾಗಿ ಮುಟ್ಟಿಕೊಂಡಿರುವುದು ಒಳ್ಳೆಯದು. ಕಬ್ಬಿಣದಿಂದ ತಂತಿಯನ್ನೂ ಕಿವಿಯನ್ನೂ ಒಟ್ಟಿಗೆ ಕಾಯಿಸಿ, ತವರದ ಕಡ್ಡಿಯನ್ನು ಕಬ್ಬಿಣಕ್ಕೆ ತಗುಲಿಸದೆ ಕಾದ ಜೋಡಣೆಗೆ ತಗುಲಿಸಿದರೆ, ಅದು ಎಣ್ಣೆಯಂತೆ ಹರಡಿ, ಅಂಚಿನಲ್ಲಿ ಒಳಬಾಗಿದ ಇಳುಕಲಾಗಿ ನಿಲ್ಲುತ್ತದೆ. ಉಬ್ಬಿದ ಗುಂಡಿನಂತೆ ನಿಂತರೆ ಲೋಹವು ಲೋಹವನ್ನು ಒಪ್ಪಿಲ್ಲವೆಂದೇ ತಿಳಿಯಬೇಕು. ಇಯರ್‌ಫೋನಿನ ಎಳೆಗಳನ್ನು ದುರಸ್ತಿಮಾಡುವಾಗ ಅವುಗಳ ಒಳಗಿರುವ ನೈಲಾನಿನ ನೂಲನ್ನು ಮೊದಲೇ ಕತ್ತರಿಸಿ ಬೇರ್ಪಡಿಸಿದ್ದರೆ ತವರವು ತಡೆಯಿಲ್ಲದೆ ಹಿಡಿಯುತ್ತದೆ. ಕೊನೆಯದಾಗಿ, ತಂತಿಯು ಮುರಿಯುವುದು ಸಾಮಾನ್ಯವಾಗಿ ಬೆಸುಗೆಯು ಮುಗಿದು ಬರಿಯ ತಾಮ್ರವು ತೊಡಗುವ ಗೆರೆಯಲ್ಲಿ. ಬಾಗಿದಷ್ಟೂ ತಾಮ್ರವು ಪೆಡಸಾಗುವುದರಿಂದ, ಆ ಎಡೆಯು ಬಾಗದಂತೆ ಕುಗ್ಗುವ ಕೊಳವೆಯಿಂದ ಬಿಗಿಯುವುದು ಕೇಬಲಿನ ಆಯುಷ್ಯವನ್ನು ಹೆಚ್ಚಿಸುತ್ತದೆ.

ಆರೋಗ್ಯದ ವಿಚಾರವನ್ನು ಕಡೆಗಣಿಸಲಾಗದು. ಪಾಲಿಯುರಿಥೇನು ಸುಡುವಾಗ ಹೊರಡುವ ಹೊಗೆಯಲ್ಲಿ ಐಸೋಸಯನೇಟುಗಳೆಂಬ, ಶ್ವಾಸಕೋಶಕ್ಕೆ ಅಹಿತವಾದ ಅನಿಲಗಳಿರುತ್ತವೆ. ರಾಳದ ಹೊಗೆಯೂ ಉಬ್ಬಸಕ್ಕೆ ಕಾರಣವಾಗಬಲ್ಲುದು. ಕಿಟಕಿಯನ್ನು ತೆರೆದಿಟ್ಟು, ಸಣ್ಣ ಫ್ಯಾನೊಂದು ಹೊಗೆಯನ್ನು ಮುಖದಿಂದ ದೂರಕ್ಕೆ ಒಯ್ಯುವಂತೆ ಇರಿಸಿಕೊಂಡು ಕೆಲಸ ಮಾಡಬೇಕು. ಸೀಸವು ಈ ಶಾಖದಲ್ಲಿ ಆವಿಯಾಗಿ ಅಪಾಯ ಮಾಡುವುದಕ್ಕಿಂತ ಬೆರಳಿನಿಂದ ಬಾಯಿಗೆ ಸೇರಿ ಮಾಡುವುದೇ ಹೆಚ್ಚಾದುದರಿಂದ, ಕೆಲಸವಾದ ಮೇಲೆ ಕೈಗಳನ್ನು ಸೋಪಿನಿಂದ ತೊಳೆಯದೆ ಏನನ್ನೂ ತಿನ್ನಬಾರದು. ಮಕ್ಕಳನ್ನು ಮೇಜಿನ ಬಳಿಗೆ ಬಿಡಬಾರದು.

ಮುಗಿದ ಕೇಬಲಿನ ಒಂದೊಂದು ದಾರಿಯನ್ನೂ ಮಲ್ಟಿಮೀಟರಿನಿಂದ ಅಳೆದು, ಬೇರೆಬೇರೆಯಾಗಿರಬೇಕಾದುವು ಮುಟ್ಟಿಕೊಂಡಿಲ್ಲವೆಂದು ದೃಢಪಡಿಸಿಕೊಂಡು, ಅನಂತರ ಪ್ರತಿಯೊಂದು ಬೆಸುಗೆಯನ್ನೂ ಬೆರಳುಗಳಿಂದ ಹಿಡಿದು ಎಳೆದು ನೋಡುವುದು ನನ್ನ ಅಭ್ಯಾಸ. ಮೂರು ಮೀಟರಿನ ಕೇಬಲಿನಲ್ಲಿ ತಾಮ್ರವು ತನ್ನ ಕೆಲಸವನ್ನು ಯಾರ ನೆರವಿಲ್ಲದೆ ಮಾಡುತ್ತದೆ; ನಮ್ಮ ಕೈಗೆ ಒಪ್ಪಿಸಿರುವುದು ಎರಡು ಕೊನೆಗಳ ಅರ್ಧರ್ಧ ಅಂಗುಲವನ್ನು ಮಾತ್ರ, ಮತ್ತು ಕೇಬಲು ಕೆಡುವುದೂ ಬಹುತರವಾಗಿ ಅಲ್ಲಿಯೇ. ಹೊಸದಾಗಿ ಈ ಕೆಲಸಕ್ಕೆ ಕೈಯಿಡುವವರಲ್ಲಿ ಒಂದೇ ಒಂದು ವಿಜ್ಞಾಪನೆ: ಕೆರೆದ ತಂತಿಯಲ್ಲಿ ಮೆರುಗು ಉಳಿಯುವುದು ಯಾವಾಗಲೂ ನಮಗೆ ಕಾಣದ ಅಡಿಬದಿಯಲ್ಲಿ, ಆದುದರಿಂದ ತವರವನ್ನು ಮುಟ್ಟಿಸುವ ಮೊದಲು ತುದಿಯನ್ನು ಬೆಳಕಿಗೆ ಹಿಡಿದು, ಸುತ್ತಲೂ ಒಮ್ಮೆ ತಿರುಗಿಸಿ ನೋಡಿ.